ಸುಭದ್ರಮ್ಮ ಹೇಳಿದ ಸಾದಾ

ಖಿದಿರ್‌ಪುರದ ಆ ಹಳೇ ಮನೆಯ ಎರಡನೇ ಮಾಳಿಗೆಯಲ್ಲಿ ಸುಭದ್ರಮ್ಮನಿಗೆ ಆ ವಾರವಿಡೀ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಯಾಕೆ ಅಂತ ಕೇಳಿದರೆ ಬಾಯಿಬಿಟ್ಟು ಹೇಳುವಂಥದ್ದೇನೂ ಇರಲಿಲ್ಲ. ಚಾವಡಿಯ ಗೋಡೆಗೆ ಬಣ್ಣ ಬಳಿಯುವುದಿತ್ತು, ಅಷ್ಟೆ.

ಪೂಜೋ, ಅಂದರೆ ಬಂಗಾಳದ ನವರಾತ್ರಿ, ಹತ್ತಿರ ಬಂತೆಂದರೆ ಈ ಊರಲ್ಲಿ ಯಾರಿಗೂ ತಮ್ಮ ಮನೆಯ ಗೋಡೆ ಹಿಡಿಸುವುದಿಲ್ಲ. ಬೀದಿಯಲ್ಲಿ ಪೆಂಡಾಲಿನ ಬಿದಿರು ಬಂದು ಬೀಳುತ್ತಿದ್ದ ಹಾಗೆ ಮನೆಯೊಳಗೆ ಏಣಿ ಬಂದು ನಿಲ್ಲುತ್ತದೆ. ಸುಭದ್ರಮ್ಮನ ಮಗ ಶ್ರೀವತ್ಸನಿಗೂ ಆ ಗಾಳಿ ತಾಗಿತು. ಉಡುಪಿ ಕಡೆಯಿಂದ ಬಂದ ಅವನ ಅಪ್ಪ ಅಲಿಪುರದ ಕೋರ್ಟಿನ ಹತ್ತಿರ ಒಂದು ಸಣ್ಣ ಹೋಟೆಲು ಹಾಕಿದ್ದರು. ಅಪ್ಪ ಹೋದ ಮೇಲೆ ಇಡ್ಲಿ, ದೋಸೆ, ವಕೀಲರ ಗದ್ದಲ ಎಲ್ಲ ಮಗನ ಪಾಲಿಗೆ ಬಂದಿತ್ತು. ಬೆಳಿಗ್ಗೆ ಹೋದವನು ಕತ್ತಲಾದ ಮೇಲೆ ಮನೆಗೆ ಬರುವವನು. ಅಂಥವನು ಒಂದು ದಿನ ಗೋಡೆಯನ್ನು ಕಣ್ಣುಬಿಟ್ಟು ನೋಡಿ, “ಛೆ, ಎಂಥಾ ಅವಸ್ಥೆ ಇದು” ಅಂದವನೇ ರಂಗ್ ಮಿಸ್ತ್ರಿಯನ್ನು ಕರೆಸಿದ. ಬಣ್ಣ ಬಳಿಯುವವನನ್ನು ಇಲ್ಲಿ ಹಾಗೆ ಕರೆಯುತ್ತಾರೆ.

ಮಿಸ್ತ್ರಿಯ ಹೆಸರು ಹಾರಾಧನ. ತೆಳ್ಳಗಿನ ಆಳು, ಕಿವಿಯ ಮೇಲೊಂದು ಬೀಡಿ, ಬಾಯಲ್ಲಿ ಬಂಗಾಳಿಯೂ ಹಿಂದಿಯೂ ಕಲಸಿದ ಮಾತು. ಬಂದವನೇ ದೇವರ ಮಂಟಪದ ಎದುರಿನ ಗೋಡೆಯ ಮೇಲೆ ಒಂದರ ಪಕ್ಕ ಒಂದು ನಾಲ್ಕು ಬಣ್ಣ ಹಚ್ಚಿದ, ಅಂಗೈಯಗಲ ಅಂಗೈಯಗಲ. ನೋಡಲಿಕ್ಕೆ ಮನೆಯವರೆಲ್ಲ ಸಾಲಾಗಿ ನಿಂತರು: ಶ್ರೀವತ್ಸ, ಅವನ ಹೆಂಡತಿ ವಂದನಾ, ಕಾಲೇಜಿಗೆ ಹೋಗುವ ಮಗಳು ಪ್ರಣೀತಾ, ಎಲ್ಲರ ಹಿಂದೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸುಭದ್ರಮ್ಮ.

“ಅಮ್ಮ, ಮುಂದೆ ಬಾ. ನೀನು ಹೇಳಿದ್ದೇ ಬಣ್ಣ” ಅಂದ ಶ್ರೀವತ್ಸ. “ಇಡೀ ದಿನ ಈ ಚಾವಡಿಯಲ್ಲಿ ಇರುವುದು ನೀನು. ನಾವೆಲ್ಲ ಮಲಗ್ಲಿಕ್ಕೆ ಬರುವವರು.” ಮತ್ತೆ ಮಿಸ್ತ್ರಿಯ ಕಡೆ ತಿರುಗಿ ಹಿಂದಿಯಲ್ಲಿ, ಮಾ ಏನು ಹೇಳುತ್ತಾರೋ ಅದೇ, ಬೇರೆ ಯಾರ ಮಾತೂ ಕೇಳಬೇಡ ಅಂತ ಹೇಳಿದ.

ಪ್ರೀತಿಯಿಂದ ಆಡಿದ ಮಾತೇ. ಆದರೆ ಸುಭದ್ರಮ್ಮ ಮುಂದೆ ಬರುವ ಬದಲು ಒಂದು ಹೆಜ್ಜೆ ಹಿಂದೆ ಸರಿದಳು. ಯಾಕೆಂದರೆ ಗೋಡೆಯ ಮೇಲೆ ಅವಳಿಗೆ ನಾಲ್ಕು ಬಣ್ಣ ಕಾಣುತ್ತಿರಲಿಲ್ಲ. ಒಂದೂ ಕಾಣುತ್ತಿರಲಿಲ್ಲ. ಗೋಡೆ ಕಾಣುತ್ತಿತ್ತು, ಅದೂ ಬಿಸಿಲುಗಾಲದ ಧೂಳಿನ ಆಚೆಗೆ ಎಲ್ಲೋ ಇದ್ದ ಹಾಗೆ.

“ಎಡಗಡೆದು ಸ್ವಲ್ಪ ಹಳದಿ ಹೊಡಿಯತ್ತೆ, ಅಲ್ವಾ ಅತ್ತೆ?” ಅಂದಳು ವಂದನಾ. ಅವಳು ಬೆಂಗಳೂರಿನವಳು, ಯಾವುದನ್ನೂ ಕೂಲಂಕಷವಾಗಿ ನೋಡದೆ ಬಿಡುವವಳಲ್ಲ. “ಪಕ್ಕದ್ದರಲ್ಲಿ ಗುಲಾಬಿ ಮಿಕ್ಸ್ ಇದೆ. ಗೊತ್ತಾಗತ್ತಾ?”

“ಗೊತ್ತಾಗದೆ ಎಂತ? ಗುಲಾಬಿಯೇ ಅದು” ಅಂದಳು ಸುಭದ್ರಮ್ಮ.

ಪ್ರಣೀತಾ ಬಣ್ಣದ ಕಾರ್ಡು ಹಿಡಿದುಕೊಂಡು ಹೆಸರು ಓದತೊಡಗಿದಳು. “ಅಜ್ಜಿ, ಇದು ಸಾಫ್ಟ್ ಐವರಿ, ಇದು ಬಟರ್‌ಮಿಲ್ಕ್, ಇದು ಓಲ್ಡ್ ಲೇಸ್…”

“ಮಜ್ಜಿಗೆಗೆ ಬೇರೆ ಎಂತ ಬಣ್ಣ ಮಾರಾಯ್ತಿ? ಹಾಲಿಗೆ ಯಾವುದು ಉಂಟೋ ಅದೇ ಅಲ್ಲವಾ?”

ಎಲ್ಲರೂ ನಕ್ಕರು. ಹಾರಾಧನನಿಗೆ ಮಾತು ಅರ್ಥವಾಗದಿದ್ದರೂ ನಗುವುದರಲ್ಲಿ ಹಿಂದೆ ಬೀಳಲಿಲ್ಲ. “ಸಬ್ ಹಾಲ್ಕಾ, ಮಾಶಿಮಾ. ಏಕ್ದಮ್ ಹಾಲ್ಕಾ” ಅಂದ. ಎಲ್ಲ ತೆಳು ಬಣ್ಣವೇ, ದೊಡ್ಡಮ್ಮಾ ಅಂತ ಅವನ ಮಾತಿನ ಅರ್ಥ. ಈ ಊರಿಗೆ ಮದುವೆಯಾಗಿ ಬಂದು ತಲೆ ನರೆತರೂ ಆ ಒಂದು ಶಬ್ದ ಕಿವಿಗೆ ಬಿದ್ದರೆ ಸುಭದ್ರಮ್ಮನಿಗೆ ಊರಿನ ಬೈಗುಳವೇ ನೆನಪಾಗುವುದು.

“ನಾಲ್ಕೂ ಹಲ್ಕಾ ಅಂತೆ ಮಾರಾಯ. ಹಾಗಾದ್ರೆ ಮರ್ಯಾದಸ್ಥ ಬಣ್ಣ ಎಲ್ಲಿ ಸಿಗ್ತದೆ ಕೇಳು” ಅಂದಳು ಮಗನಿಗೆ.

ಮತ್ತೆ ನಗು. ತಮಾಷೆ ಮಾಡುತ್ತಿದ್ದಷ್ಟು ಹೊತ್ತು ಯಾರೂ ಉತ್ತರ ಕೇಳುವುದಿಲ್ಲ, ಅದು ಅವಳಿಗೆ ಗೊತ್ತು. ಆದರೆ ಎಷ್ಟು ಹೊತ್ತು? ಶ್ರೀವತ್ಸ ಗಡಿಯಾರ ನೋಡಿದ. “ಹೇಳಮ್ಮ, ಯಾವುದು?” ಅಂದ. ಸುಭದ್ರಮ್ಮ ಕಣ್ಣು ಕಿರಿದು ಮಾಡಿದಳು. ಕಿಟಕಿಯ ಕೆಳಗೆ ಏನೋ ಒಂದು ಬೇರೆಯಾಗಿ ಕಂಡಿತು, ಸ್ವಲ್ಪ ಗಾಢ, ಸ್ವಲ್ಪ ಮಬ್ಬು. ದೇವರೇ ಬಂದಷ್ಟು ಖುಷಿಯಾಯಿತು. ಬೆರಳು ಚಾಚಿ, “ಅದು ಆಗಬಹುದು. ಆ ಕಿಟಕಿ ಕೆಳಗಿನದ್ದು” ಅಂದಳು.

ಎಲ್ಲರೂ ಬಗ್ಗಿ ಕಿಟಕಿಯ ಕೆಳಗೆ ನೋಡಿದರು. ಆಮೇಲೆ ಪ್ರಣೀತಾ ಬಿದ್ದು ಬಿದ್ದು ನಕ್ಕಳು. “ಅಜ್ಜಿ! ಅದು ನೋನಾ!”

ನೋನಾ ಅಂದರೆ ಗೋಡೆಯ ತೇವ. ಮಳೆಗಾಲದ ನೀರು ಇಟ್ಟಿಗೆಯೊಳಗಿಳಿದು, ಉಪ್ಪು ಹೊಮ್ಮಿ, ಗಾರೆ ಉಬ್ಬಿ ಆಗುವ ಕಲೆ. ಶ್ರೀವತ್ಸನೂ ನಕ್ಕ. “ಅದನ್ನು ತೆಗೀಲಿಕ್ಕೆ ಅಂತ ಅಲ್ಲವಾ ಇಷ್ಟೆಲ್ಲ ಮಾಡುವುದು!” ಅಂದ. ಸುಭದ್ರಮ್ಮನೂ ನಕ್ಕಳು, ಎಲ್ಲರಿಗಿಂತ ಜೋರಾಗಿ. “ಮತ್ತೆ? ದುಡ್ಡು ಕೊಡದೆ ಬಂದ ಬಣ್ಣ ಅದೊಂದೇ. ನೋಡ್ತೇನೆ, ಅವಸರ ಎಂತ? ಬೆಳಿಗ್ಗೆ ಬೆಳಕಿಗೊಮ್ಮೆ, ಸಂಜೆ ಬೆಳಕಿಗೊಮ್ಮೆ ನೋಡದೆ ಬಣ್ಣ ಹೇಳ್ತಾರಾ ಯಾರಾದ್ರೂ?”

ನಗುವಿನ ನಡುವೆ ಒಂದು ದನಿ ಬೇಗ ನಿಂತದ್ದನ್ನು ಅವಳ ಕಿವಿ ಹಿಡಿಯಿತು. ವಂದನಾ ಎಲ್ಲರ ಜೊತೆ ನಗಲು ಶುರು ಮಾಡಿ ನಡುವೆ ಬಿಟ್ಟಿದ್ದಳು.

ಗೋಡೆಗೆ ಯಾವ ಬಣ್ಣ ಬಿದ್ದರೂ ಸುಭದ್ರಮ್ಮನಿಗೆ ಒಂದೇ ಆಗಿತ್ತು. ಅವಳ ಜೀವ ಇದ್ದದ್ದು ಅಡುಗೆಮನೆಯ ಬಾಣಲೆಯಲ್ಲಿ. ಹೋಟೆಲಿನ ಹೆಸರು ಗಂಡನದು, ಗಲ್ಲಾಪೆಟ್ಟಿಗೆ ಮಗನದು, ಸಾರು ಮಾತ್ರ ಅವಳದು. ಗಂಡ ಮೊದಲ ದಿನ ಒಲೆ ಹೊತ್ತಿಸಿದಾಗಿನಿಂದ ಸಾರಿನ ಪುಡಿ ಮನೆಯಲ್ಲೇ ಹುರಿದು ಹೋಗಬೇಕು, ಅವಳ ಕೈಯಲ್ಲೇ. ಕೊತ್ತಂಬರಿ ಎಷ್ಟು ಕೆಂಪಾಗಬೇಕು, ಮೆಂತೆಯನ್ನು ಯಾವ ಬಣ್ಣಕ್ಕೆ ಇಳಿಸಬೇಕು, ಒಣಮೆಣಸು ಉಬ್ಬಿ ಮಿರುಗಿ ಕಪ್ಪಿಗೆ ತಿರುಗುವ ಮೊದಲು ಹೇಗೆ ಎತ್ತಬೇಕು, ಎಲ್ಲ ಕಣ್ಣಿನ ಕೆಲಸ. ಕೋರ್ಟಿನ ವಕೀಲರು ಕೇಸು ಸೋತರೂ ಗೆದ್ದರೂ ಬಂದು ಕುಡಿಯುವುದು ಆ ಸಾರು. ಸುಭದ್ರಮ್ಮ ಆ ಹೋಟೆಲಿನ ಬೆಂಚಿನ ಮೇಲೆ ಕೂತದ್ದು ಅಪರೂಪ. ಆದರೆ ಅಲ್ಲಿ ಪ್ರತಿ ಬಟ್ಟಲಲ್ಲೂ ತಾನಿದ್ದೇನೆ ಅಂತ ಅವಳಿಗೆ ಗೊತ್ತಿತ್ತು.

ಮಳೆಗಾಲದಲ್ಲಿ ಒಂದು ಸಲ ಪುಡಿ ಕಹಿಯಾಯಿತು. ಮೆಂತೆ ಸೀದಿತ್ತು. ಸಾರು ಹಾಗೇ ವಾಪಸು ಬಂತು. ಶ್ರೀವತ್ಸ ಬಯ್ಯಲಿಲ್ಲ, ಬಯ್ದಿದ್ದರೆ ವಾಸಿಯಿತ್ತು. “ಅಮ್ಮ, ಕಣ್ಣು ಸರಿ ಉಂಟಲ್ಲ? ಕಷ್ಟ ಆಗ್ತದಾದ್ರೆ ಹೇಳು, ಪುಡಿ ಹೊರಗಿಂದ ತರಿಸುವ” ಅಂದ. “ಮೆಂತೆ ಥಂಡಿ ಹಿಡಿದಿತ್ತು, ನನ್ನ ಕಣ್ಣಿಗೆ ಎಂತ ಆಗಿದೆ?” ಅಂದಿದ್ದಳು ಅವಳು. ಆದರೆ ಆ ವಾರವೇ ಅಡುಗೆಮನೆಯ ಶೆಲ್ಫಿನ ಮೇಲೆ ಒಂದು ಮಸಾಲೆಯ ಪ್ಯಾಕೆಟ್ಟು ಬಂದು ಕೂತಿತು, ಹೊಳೆಯುವ ಕಾಗದದ್ದು. ಯಾರೂ ಅದನ್ನು ಒಡೆಯಲಿಲ್ಲ, ಯಾರೂ ಅದರ ಸುದ್ದಿ ಎತ್ತಲಿಲ್ಲ. ಕಣ್ಣಿಗೆ ಬೇರೇನೂ ಸರಿಯಾಗಿ ಕಾಣದಿದ್ದರೂ ಆ ಪ್ಯಾಕೆಟ್ಟಿನ ಹೊಳಪು ಮಾತ್ರ ಸುಭದ್ರಮ್ಮನಿಗೆ ಬಾಗಿಲಿನಿಂದಲೇ ಕಾಣುತ್ತಿತ್ತು.

ಕಣ್ಣು ಡಾಕ್ಟರಿಗೆ ತೋರಿಸಬಹುದಿತ್ತು. ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಡಾಕ್ಟರು ಮೊದಲು ಹೇಳುವುದೇ ಒಲೆಯ ಹತ್ತಿರ ಹೋಗಬೇಡಿ, ಹೊಗೆ ತಾಗಬಾರದು ಅಂತ. ಅಷ್ಟರೊಳಗೆ ಪ್ಯಾಕೆಟ್ಟು ಒಡೆಯುತ್ತದೆ. ಒಡೆದ ಪ್ಯಾಕೆಟ್ಟಿನ ಜಾಗಕ್ಕೆ ಇನ್ನೊಂದು ಬರುತ್ತದೆ. ತಾನು ಕಣ್ಣು ತೊಳೆದುಕೊಂಡು ಬರುವ ಹೊತ್ತಿಗೆ ಬಾಣಲೆ ಅಟ್ಟ ಸೇರಿರುತ್ತದೆ.

ಹಾಗಾಗಿ ಗೋಡೆಯ ಮೇಲಿದ್ದದ್ದು ಅವಳ ಪಾಲಿಗೆ ಬಣ್ಣವಲ್ಲ, ಪರೀಕ್ಷೆ.

ಮರುದಿನ ಎಲ್ಲರೂ ಹೊರಗೆ ಹೋದ ಮೇಲೆ ಗೋಡೆಯ ಹತ್ತಿರ ಹೋಗಿ ಅಂಗೈಯಿಂದ ತಡವಿದಳು. ಹಳೇ ಸುಣ್ಣದ ಗೋಡೆ ಕೈಗೆ ಹಿಟ್ಟು ಹಿಟ್ಟಾಗಿ ತಾಗುತ್ತಿತ್ತು. ಒಂದು ಕಡೆ ಥಟ್ಟನೆ ನುಣುಪಾಯಿತು. ಸಿಕ್ಕಿತು! ಇದು ಮೊದಲನೆಯದು. ಇಲ್ಲಿ ಎರಡನೆಯದು. ಬೆರಳಿನಿಂದಲೇ ನಾಲ್ಕರ ಗಡಿ ಹುಡುಕಿದಳು. ಜಾಗ ಗೊತ್ತಾಯಿತು. ಆದರೆ ನುಣುಪಿಗೆ ಬಣ್ಣ ಎಲ್ಲಿದೆ?

“ಅಜ್ಜಿ, ಕ್ಯಾ ಕರ್ ರಹೀ ಹೋ?” ಕಾಲೇಜಿನಿಂದ ಬೇಗ ಬಂದ ಪ್ರಣೀತಾ ಬಾಗಿಲಲ್ಲಿ ನಿಂತಿದ್ದಳು.

“ಒಣಗಿದ್ಯಾ ನೋಡ್ತೇನೆ.” ಸುಭದ್ರಮ್ಮ ಕೈ ಹಿಂದಕ್ಕೆ ತೆಗೆದಳು. ಆಮೇಲೆ ಉಪಾಯ ಮಾಡಿದಳು. “ಬಾ ಇಲ್ಲಿ. ನಿನಗೆ ಯಾವುದು ಚಂದ? ಒಂದೊಂದು ಹೇಗೆ ಉಂಟು ಹೇಳು.”

ಹುಡುಗಿ ಬ್ಯಾಗು ಎಸೆದು ಗೋಡೆಯೆದುರು ನಿಂತಳು. ತಲೆ ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು. “ಧುರ್, ಅಜ್ಜಿ. ಎಲ್ಲಾ ಸೇಮ್ ಇದೆ. ನನಗೆ ಡಿಫರೆನ್ಸ್ ಕಾಣ್ಸೋದೇ ಇಲ್ಲ.”

“ನಿನಗೂ ಕಾಣುವುದಿಲ್ಲವಾ?”

“ಯಾರಿಗೆ ಕಾಣ್ಸತ್ತೆ? ಅಮ್ಮ ಸುಮ್ನೆ ಬೋಲ್ತಾಳೆ.”

ಸುಭದ್ರಮ್ಮನಿಗೆ ಆ ಹುಡುಗಿಯನ್ನು ಎತ್ತಿ ಮುದ್ದಾಡಬೇಕು ಅನಿಸಿತು. ಹರೆಯದ ಕಣ್ಣಿಗೇ ಕಾಣದ ಮೇಲೆ ತನ್ನ ಕಣ್ಣಿನದೇನು ತಪ್ಪು? ಆ ಮಧ್ಯಾಹ್ನ ಒಂದು ತುತ್ತು ಹೆಚ್ಚಿಗೆ ಉಂಡಳು, ಚಾಪೆ ಹಾಕಿಕೊಂಡು ಒಂದು ನಿದ್ದೆಯನ್ನೂ ತೆಗೆದಳು.

ಸಂಜೆ ವಂದನಾ ಬಂದು ಅಷ್ಟನ್ನೂ ಕೆಡಿಸಿದಳು. “ಸೇಮಾ? ಏನೇ ನೀನು! ಮೂರನೇದು ಬೂದಿ ಥರ ಇದೆ, ನೋಡಿದ್ರೆ ಜ್ವರ ಬರತ್ತೆ. ಎರಡನೇದು ಚೆನ್ನಾಗಿದೆ. ಅಲ್ವಾ ಅತ್ತೆ?” ಪ್ರಶ್ನೆ ಕೇಳಿ ಸುಮ್ಮನೆ ಕಾದಳು. ಆ ಕಾಯುವಿಕೆ ಸುಭದ್ರಮ್ಮನಿಗೆ ಹಿಡಿಸಲಿಲ್ಲ.

“ಸಂಜೆ ಬೆಳಕಲ್ಲಿ ನಂಗೆ ಎಂತದೂ ನಿಶ್ಚಯ ಆಗುವುದಿಲ್ಲ. ಬೆಳಿಗ್ಗೆ ನೋಡುವ.”

ಬೆಳಿಗ್ಗೆ ಕೇಳಿದರೆ ಸಂಜೆ ಅಂದಳು. ಹಾರಾಧನ ಬಂದು ಇನ್ನೆರಡು ಬಣ್ಣವನ್ನು ಬಾಗಿಲ ಪಕ್ಕದ ಗೋಡೆಗೆ ಹಚ್ಚಿಹೋದ. ಬೆರಳಲ್ಲಿ ಹುಡುಕಿಟ್ಟ ಲೆಕ್ಕವೂ ತಪ್ಪಿತು. ಸುಭದ್ರಮ್ಮ ಅಡುಗೆಮನೆಯಿಂದ ಚಾವಡಿಗೆ, ಚಾವಡಿಯಿಂದ ಅಡುಗೆಮನೆಗೆ. ಒಲೆಯ ಮೇಲೆ ಹಾಲಿಟ್ಟು ಮರೆತಳು. ದೀಪದ ಬತ್ತಿಯನ್ನು ಎಣ್ಣೆಯಿಲ್ಲದ ಹಣತೆಗೆ ಹಾಕಿದಳು. ಹುರಿಯುವ ದಿನ ಬಂದಾಗ ಬಾಣಲೆಯ ಮೇಲೆ ಎಷ್ಟು ಬಗ್ಗಿದಳೆಂದರೆ ಮೆಣಸಿನ ಘಾಟಿಗೆ ಕೆಮ್ಮಿ ಕೆಮ್ಮಿ ಕಣ್ಣೀರು ಬಂತು. ಸೀಯುವ ಹೆದರಿಕೆಗೆ ಎಲ್ಲವನ್ನೂ ಮೊದಲೇ ಇಳಿಸಿದಳು. ಪುಡಿ ಹಸಿಹಸಿಯಾಯಿತು. ಮಗ ಡಬ್ಬಿ ಮೂಸಿ ನೋಡಿ ಹಾಗೇ ಹೋಟೆಲಿಗೆ ಒಯ್ದ. ಅವನು ಹೇಳದಿದ್ದುದನ್ನೂ ಅವಳು ಕೇಳಿಸಿಕೊಂಡಳು.

ಕೊನೆಗೆ ಹಾರಾಧನನ ತಾಳ್ಮೆ ಮುಗಿಯಿತು. ಪೂಜೋಗೆ ಮೊದಲು ಇನ್ನೂ ಮೂರ್ನಾಲ್ಕು ಮನೆಯ ಕೆಲಸ ಬಾಕಿಯಿದೆ, ಇವತ್ತು ಹೇಳಿದರೆ ಸರಿ, ಇಲ್ಲದಿದ್ದರೆ ದೀಪಾವಳಿಯ ಹೊತ್ತಿನ ಕಾಳಿಪೂಜೆ ಕಳೆದ ಮೇಲೇ ತಾನು ಬರುವುದು ಅಂತ ಮೆಟ್ಟಿಲಲ್ಲೇ ನಿಂತು ಹೇಳಿದ. ಶ್ರೀವತ್ಸ ಚಪ್ಪಲಿ ಮೆಟ್ಟುತ್ತ, “ಅಮ್ಮ, ಇವತ್ತು ಮಿಸ್ತ್ರಿಗೆ ನೀನೇ ಹೇಳಿಬಿಡು ಮಾರಾಯ್ತಿ” ಅಂದು ಹೊರಟ. ಅವನ ಹಿಂದೆ ವಂದನಾ ಇಳಿದಳು. ಮಧ್ಯಾಹ್ನದ ಹೊತ್ತು ಗಲ್ಲಾದಲ್ಲಿ ಕೂರುವವಳು ಅವಳೇ. ಇಳಿಯುತ್ತ ಅವಳು ಮಿಸ್ತ್ರಿಗೆ ಮೆಲ್ಲಗೆ ಹೇಳಿದ್ದು ಸುಭದ್ರಮ್ಮನ ಕಿವಿಗೆ ಬಿತ್ತು. ಅತ್ತೆ ಏನೂ ಹೇಳದಿದ್ದರೆ ಆ ಎರಡನೆಯದನ್ನೇ ಹಾಕು, ದೇವರ ಎದುರಿನ ಗೋಡೆಗೆ ಬಳ್ಳಿಯ ಡಿಸೈನು ಒತ್ತು, ಅಂತ.

ಅಬ್ಬ! ಬಣ್ಣ ತೀರ್ಮಾನವಾಯಿತು. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಬಳ್ಳಿಯ ವಿಷಯ ಬಂತಲ್ಲ! ಬಳ್ಳಿ ಅಂದರೆ ಎಲೆ, ಎಲೆ ಅಂದರೆ ಬಣ್ಣ. ನಾಳೆ ಅದು ಹಸಿರು ಚಂದವೋ ಕಂದು ಚಂದವೋ ಅಂತ ಮತ್ತೆ ತನ್ನನ್ನೇ ತಂದು ನಿಲ್ಲಿಸುತ್ತಾರೆ. ಹಾರಾಧನ ಡಬ್ಬಿ ಇಳಿಸಿ, “ಹಾಗಾದರೆ ಮಾಶಿಮಾ, ಹೇಳಿ” ಅಂದದ್ದೇ ತಡ, ಅವಳು ಕೈ ಅಡ್ಡ ಆಡಿಸಿ ತನಗೆ ಬರುವ ಹಿಂದಿಯಲ್ಲಿ ಹೇಳಿದಳು: “ಡಿಸೈನ್ ನಹೀ. ಕುಛ್ ನಹೀ. ಸಾದಾ. ಸಬ್ ಸಾದಾ ಕರೋ.”

“ಸಬ್ ಶಾದಾ? ಪಕ್ಕಾ?”

“ಪಕ್ಕಾ.”

ಬಂಗಾಳಿಯಲ್ಲಿ ಶಾದಾ ಅಂದರೆ ಬಿಳಿ. ಅದು ಸುಭದ್ರಮ್ಮನಿಗೆ ಗೊತ್ತಿಲ್ಲದ್ದಲ್ಲ. ಎಳ್ಳು ಕೊಳ್ಳುವಾಗ, ಸೀರೆಗೆ ದಾರ ಕೊಳ್ಳುವಾಗ ಎಷ್ಟೋ ಸಲ ಅಂದ ಶಬ್ದವೇ. ಆದರೆ ಅವಳು ಈಗ ಅಂದದ್ದು ನಮ್ಮ ಸಾದಾ, ಹೂವು ಬಳ್ಳಿ ಏನೂ ಇಲ್ಲದ ಸಾದಾ. ಹಾರಾಧನನೋ, ದಕ್ಷಿಣದವರ ಮನೆಗಳಿಗೆ ಬಣ್ಣ ಬಳಿದು ಪಳಗಿದವನು. ಇವರ ಬಾಯಲ್ಲಿ ಬಂಗಾಳಿಯ ಶಕಾರ ಹೊರಳುವುದಿಲ್ಲ, ಶಾದಾ ಅನ್ನಲಿಕ್ಕೆ ಸಾದಾ ಅನ್ನುತ್ತಾರೆ ಅಂತ ಅವನ ತಿಳುವಳಿಕೆ. ಆರು ಬಣ್ಣ ತೋರಿಸಿದರೂ ಮುದುಕಿಗೆ ಒಂದೂ ಒಗ್ಗಲಿಲ್ಲ, ಬಿಳಿಯೇ ಬೇಕಂತೆ, ಮೊದಲೇ ಹೇಳಬಾರದಿತ್ತೇ ಅಂತ ಗೊಣಗಿಕೊಂಡು ಅಂಗಡಿಗೆ ಬೇರೆ ಡಬ್ಬಿ ತರಲು ಹೋದ.

ಆ ದಿನ ಚಾವಡಿಯಿಂದ ರೋಲರಿನ ಚರ್ ಚರ್ ಸದ್ದು ಬರುತ್ತಲೇ ಇತ್ತು. ಸುಭದ್ರಮ್ಮ ಅಡುಗೆಮನೆಯ ಬಾಗಿಲು ಎಳೆದುಕೊಂಡು ಕೊತ್ತಂಬರಿ ಹಸನು ಮಾಡಿದಳು. ಕಲ್ಲು ಸಿಕ್ಕಿದರೆ ಬೆರಳೇ ಹೇಳುತ್ತದೆ, ಅದಕ್ಕೆ ಕಣ್ಣು ಬೇಡ. ಒಂದು ಕಂಟಕ ಕಳೆಯಿತು ಅಂದುಕೊಂಡರೂ ಮನಸ್ಸು ಯಾಕೋ ಒಂದು ಕಡೆ ನಿಲ್ಲಲಿಲ್ಲ. ಎರಡು ಸಲ ಎದ್ದು ಶೆಲ್ಫಿನ ಮೇಲಿನ ಪ್ಯಾಕೆಟ್ಟನ್ನು ಡಬ್ಬಿಗಳ ಹಿಂದೆ ತಳ್ಳಿದಳು. ಮೂರನೆಯ ಸಲ ಎದ್ದು ಅದನ್ನು ಮೊದಲಿನ ಜಾಗದಲ್ಲೇ ಇಟ್ಟಳು. ಅಡಗಿಸಿದ್ದು ಯಾಕೆ ಅಂತ ಯಾರಾದರೂ ಕೇಳಿದರೆ?

ಆ ದಿನ ಕೋರ್ಟಿಗೆ ಅರ್ಧ ದಿನದ ರಜೆ ಬಿದ್ದು ಮಗ ಸೊಸೆ ಬೇಗ ಬಂದರು, ದಾರಿಯಲ್ಲಿ ಪ್ರಣೀತಾಳನ್ನೂ ಕೂಡಿಕೊಂಡು. ಮೆಟ್ಟಿಲ ಮೇಲೆ ಮಾತು ಕೇಳುತ್ತಿತ್ತು. ಬಾಗಿಲು ತೆರೆಯಿತು, ಮಾತು ನಿಂತಿತು.

“ಅಯ್ಯೋ!” ಅಂದಳು ವಂದನಾ.

ಬಳ್ಳಿ ಇಲ್ಲದ್ದಕ್ಕೆ ಸಿಟ್ಟು ಅಂದುಕೊಂಡಳು ಸುಭದ್ರಮ್ಮ. ಅದನ್ನು ಸಂಭಾಳಿಸಲು ಸೊಂಟಕ್ಕೆ ಸೆರಗು ಸಿಕ್ಕಿಸಿ ಚಾವಡಿಗೆ ಬಂದಳು. ಬಂದವಳು ನಿಂತುಬಿಟ್ಟಳು. ಕಿಟಕಿಯಿಂದ ಇಳಿಬಿಸಿಲು ಬಿದ್ದು ಗೋಡೆಗೋಡೆಯೂ ಬೆಳಗುತ್ತಿತ್ತು. ತಿಳಿಹಳದಿ, ಮೆತ್ತಗಿನ ಬಣ್ಣ, ಕಾದು ಆರಿದ ಹಾಲಿನ ಕೆನೆಯನ್ನೇ ಎತ್ತಿ ಹಚ್ಚಿದ ಹಾಗೆ. ಕಂಡಿತಲ್ಲ! ಅವಳಿಗೂ ಬಣ್ಣ ಕಂಡಿತಲ್ಲ! ಇಷ್ಟು ದಿನ ಅಂಗೈಯಗಲ ಹಚ್ಚಿ ಹೇಳು ಹೇಳು ಅಂದರೆ ಯಾರಿಗೆ ತಾನೇ ಕಂಡೀತು? 

“ಚಂದ ಉಂಟು ಮಾರಾಯ” ಅಂದಳು, ಯಾರೂ ಕೇಳದೆಯೇ. “ನಂಗೆ ಇದೇ ಬೇಕಿದ್ದದ್ದು. ಒಳ್ಳೆ ಕೆನೆ ಬಣ್ಣ. ಹಳದಿ ಉಂಟು, ಹೆಚ್ಚಾಗ್ಲಿಲ್ಲ. ವಂದನಾ, ನೀನು ಹೇಳಿದ ಎರಡನೇದೇ ಅಲ್ಲವಾ?”

 ಫ್ಯಾನು ಕಿರುಗುಟ್ಟುವುದು ಕೇಳಿಸಿತು. ಕೆಳಗೆ ಬೀದಿಯಲ್ಲಿ ಪೆಂಡಾಲಿನವರು ಮೊಳೆ ಹೊಡೆಯುವುದು ಕೇಳಿಸಿತು. “ಅಜ್ಜಿ, ಇದು ತೋ…” ಅಂತ ಪ್ರಣೀತಾ ಶುರು ಮಾಡಿದಳು. ವಂದನಾಳ ಬಳೆ ಝಲ್ಲೆಂದಿತು. ಹುಡುಗಿಯ ಮಾತು ಅಲ್ಲಿಗೇ ಕಡಿಯಿತು. ತಾಯಿ ಮಗಳ ಕೈ ಅದುಮಿದ್ದು ನೋಡಲಿಕ್ಕೆ ಕಣ್ಣು ಬೇಕೇ?

“ಎಂತ?” ಅಂದಳು ಸುಭದ್ರಮ್ಮ. “ಎಂತ ಆಯ್ತು ನಿಮಗೆಲ್ಲ?”

ಶ್ರೀವತ್ಸ ಹತ್ತಿರ ಬಂದ. “ಅಮ್ಮ, ಇದು ಬಿಳಿ” ಅಂದ.

“ಬಿಳಿಯಾ?”

“ಬಿಳಿ ಅಮ್ಮ. ಸುಣ್ಣದ ಹಾಗೆ ಬಿಳಿ.”

ಏಣಿಯ ಪಕ್ಕದಲ್ಲಿ ನಿಂತಿದ್ದ ಹಾರಾಧನ ಹೆದರಿದ. “ನಾನೇನು ಮಾಡಲಿ? ಮಾಶಿಮಾ ತಾವೇ ಶಾದಾ ಅಂದರು. ಎರಡು ಸಲ ಕೇಳಿದೆ. ಪಕ್ಕಾ ಅಂದರು!”

ಆಗ ಸುಭದ್ರಮ್ಮನಿಗೆ ಎರಡೂ ಒಟ್ಟಿಗೆ ಅರ್ಥವಾಯಿತು, ಬಾಯಿ ಮಾಡಿದ ಎಡವಟ್ಟೂ ಕಣ್ಣು ಮಾಡಿದ ಎಡವಟ್ಟೂ. ಬಾಯಿಯದನ್ನು ನಕ್ಕು ಮುಗಿಸಬಹುದಿತ್ತು. ಹೌದು, ಬಿಳಿ ಅಂತಲೇ ಹೇಳಿದ್ದು, ನಿಮಗೆ ಎಂತ ಕಷ್ಟ ಅನ್ನಬಹುದಿತ್ತು. ಬಾಯಿ ತೆರೆದಳು ಕೂಡ. ಆದರೆ ಕೆನೆಯ ಮಾತು, ಹಳದಿಯ ಮಾತು ಆಗಲೇ ಚಾವಡಿಯ ನಡುವೆ ಬಿದ್ದಿತ್ತು. ಅದನ್ನು ಹೆಕ್ಕಿ ವಾಪಸು ಬಾಯಿಗೆ ಹಾಕಿಕೊಳ್ಳಲು ಬರುವುದಿಲ್ಲವಲ್ಲ.

“ಎಷ್ಟು ದಿನದಿಂದ ಅಮ್ಮ?” ಅಂದ ಶ್ರೀವತ್ಸ.

 “ಡಾಕ್ಟ್ರ ಹತ್ರ ಬರ್ತೇನೆ. ನಾಳೆಯೇ ಬರ್ತೇನೆ. ಆದ್ರೆ ಬಾಣಲೆ ನನ್ನದು” ಅಂದಳು. 

“ನಿನ್ನ ಬಾಣಲೆ ಯಾರು ಕೇಳಿದ್ದಾರೆ?”

“ಶೆಲ್ಫಲ್ಲಿ ಕೂತಿದೆಯಲ್ಲ, ಅದು ಕೇಳ್ತಾ ಉಂಟು. ದಿನಾ ಕೇಳ್ತಾ ಉಂಟು.”

ಶ್ರೀವತ್ಸನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಓ, ಆ ಪ್ಯಾಕೆಟ್ಟಾ? ಅದು ಸುಮ್ಮನೆ ಅಮ್ಮ. ಏಜೆಂಟ್ ಕೊಟ್ಟು ಹೋದದ್ದು. ನಾನು… ನೋಡುವ ಅಂತ ಇಟ್ಟದ್ದು.” ಸುಮ್ಮನೆ ಅಂದ ಬಾಯಲ್ಲೇ ನೋಡುವ ಅಂತಲೂ ಅಂದುಬಿಟ್ಟ. ತಲೆ ತಗ್ಗಿಸಿದ.

ವಂದನಾ ಆ ಹೊತ್ತಿಗೆ ಅಡುಗೆಮನೆಗೆ ಹೋಗಿ ಬಂದಿದ್ದಳು. ಅತ್ತೆಯ ಕೈಯಲ್ಲಿ ಪ್ಯಾಕೆಟ್ಟು ಇಟ್ಟಳು. “ತಗೊಳ್ಳಿ ಅತ್ತೆ. ಹಾರಾಧನನಿಗೆ ಕೊಡೋಣ, ಅವನ ಮನೇಲಿ ಸಾಂಬಾರ್ ಮಾಡ್ಕೊಳ್ಲಿ. ನಿಮಗೆ ವಾಸಿಯಾಗೋವರೆಗೂ ನಾನು ಹುರೀತೀನಿ, ನೀವು ಹೇಳಿ.”

ಆ ಮಾತಿನಿಂದ ಸುಭದ್ರಮ್ಮನಿಗೆ ಸಮಾಧಾನವಾಯಿತು ಅಂದರೆ ಸುಳ್ಳಾದೀತು. ಪ್ಯಾಕೆಟ್ಟು ಹೋದರೂ ಸಟ್ಟುಗ ಬೇರೆ ಕೈಗೆ ಹೋಯಿತಲ್ಲ.

ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಿಳಿ ಹಳದಿಯಾಗಿ ಕಂಡದ್ದು ಅದರಿಂದಲೇ, ಬಲಗಣ್ಣಿನ ಆಪರೇಷನ್ ಈಗ ಮಾಡುವ, ಎಡಗಣ್ಣಿನದಕ್ಕೆ ಚಳಿ ಕಳೆಯಲಿ ಅಂದರು ಡಾಕ್ಟರು. ಮೇಲೆ ಅವಳು ಹೆದರಿದ್ದನ್ನೇ ಅಂದರು, ಹೊಗೆ ಬೇಡ, ಒಲೆ ಬೇಡ. ಪೂಜೋದ ಡೋಲು ಬಡಿಯುವಾಗ ಅವಳು ಕಪ್ಪು ಕನ್ನಡಕ ಹಾಕಿಕೊಂಡು ಒಳಕೋಣೆಯ ಮಂಚದ ಮೇಲೆ ಕೂತಿದ್ದಳು. ಬಾಗಿಲು ಮುಚ್ಚಿತ್ತು. ಅಡುಗೆಮನೆಯಲ್ಲಿ ವಂದನಾ ಹುರಿಯುತ್ತಿದ್ದಳು.

“ಕೊತ್ತಂಬರಿ ಸಾಕು! ಇಳಿಸು!” ಬಾಗಿಲ ಈಚೆಯಿಂದ ಕೂಗಿದಳು ಸುಭದ್ರಮ್ಮ.

“ಇಳಿಸಿ ಆಗ್ಲೇ ಎಷ್ಟೊತ್ತಾಯ್ತು ಅತ್ತೆ! ಇದು ಜೀರಿಗೆ!”

ಪುಡಿ ಚೆನ್ನಾಗಿಯೇ ಬಂತು. ವಕೀಲರು ಇನ್ನೊಂದು ಬಟ್ಟಲು ಕೇಳಿ ಕುಡಿದರಂತೆ. ಶ್ರೀವತ್ಸ ಬಂದು ಖುಷಿಯಿಂದ ಹೇಳಿದ, ಸುಭದ್ರಮ್ಮನೂ ಖುಷಿಯಿಂದಲೇ ಕೇಳಿದಳು. ಆ ದಿನ ಊಟ ಮಾತ್ರ ಸೇರಲಿಲ್ಲ.

ಕಾಳಿಪೂಜೆ ಕಳೆದ ಮೇಲೆ ಹಾರಾಧನ ಮತ್ತೆ ಬಂದ. ಚಾವಡಿಗೆ ಒಂದೇ ಕೈ ಬಳಿದು ಬಿಟ್ಟಿದ್ದ, ಎರಡನೇ ಕೈ ಬಾಕಿಯಿತ್ತು. “ಈಗ ಹೇಳಿ ಮಾಶಿಮಾ. ಹೊಸ ಕಣ್ಣು ಬಂತಲ್ಲ. ಬಿಳಿಯೋ, ಆ ಎರಡನೇ ನಂಬರೋ?”

ಸುಭದ್ರಮ್ಮ ಗೋಡೆಯೆದುರು ನಿಂತಳು. ಎಡಗಣ್ಣು ಮುಚ್ಚಿದಳು. ಗೋಡೆ ತೊಳೆದಿಟ್ಟ ಪಿಂಗಾಣಿಯ ಹಾಗೆ ಬೆಳ್ಳಗೆ, ಸ್ವಲ್ಪ ನೀಲಿ ಹೊಡೆಯುವಷ್ಟು ಬೆಳ್ಳಗೆ. ಬಲಗಣ್ಣು ಮುಚ್ಚಿದಳು. ಅದೇ ಗೋಡೆ ಕೆನೆ. ಮತ್ತೆ ಎಡಗಣ್ಣು ಮುಚ್ಚಿದಳು, ಮತ್ತೆ ಬಲಗಣ್ಣು. ಪ್ರಣೀತಾ ಪಕ್ಕದಲ್ಲಿ ನಿಂತು ತಾನೂ ಹಾಗೇ ಕಣ್ಣು ಮಿಟುಕಿಸಿದಳು.

“ಏನ್ ಕಾಣ್ಸತ್ತೆ ಅಜ್ಜಿ?”

“ಎರಡೂ ಕಾಣ್ತದೆ ಮಾರಾಯ್ತಿ. ಕಾಣದಾಗ ಒಂದೂ ಇರಲಿಲ್ಲ, ಈಗ ಒಂದು ಗೋಡೆಗೆ ಎರಡೆರಡು.” ಮಿಸ್ತ್ರಿಯ ಕಡೆ ತಿರುಗಿದಳು. “ಇನ್ನೊಂದು ಕಣ್ಣು ಆಗ್ಲಿ ಮಿಸ್ತ್ರಿ. ಅಲ್ಲಿಯವರೆಗೆ ಸಾದಾ ಇರ್ಲಿ.”

ಹಾರಾಧನ ಕಿವಿಯ ಮೇಲಿನ ಬೀಡಿ ಮುಟ್ಟಿಕೊಂಡ. “ಯಾವ ಸಾದಾ, ಮಾಶಿಮಾ? ನಿಮ್ಮದೋ, ನಮ್ಮದೋ?”

ಉತ್ತರಕ್ಕೆ ಅವಳು ನಿಲ್ಲಲಿಲ್ಲ. ಆ ದಿನ ಹುರಿಯುವ ದಿನ, ಡಾಕ್ಟರು ಒಲೆಗೆ ಹೂಂ ಅಂದ ಮೇಲೆ ಮೊದಲನೆಯದು. ಬಾಣಲೆ ಕಾದಿತ್ತು. ಸಟ್ಟುಗ ಕೈಗೆ ಬಂದದ್ದೇ ಕೈಗೆ ಹಳೇ ಕಸುವು ಬಂತು. ಕೊತ್ತಂಬರಿ ಆಯಿತು, ಜೀರಿಗೆ ಆಯಿತು. ಮೆಂತೆ ಹಾಕಿದಳು. ಕಾಳು ಚಟಪಟ ಹಾರತೊಡಗಿದವು. ಬಲಗಣ್ಣಿಗೆ ಅವು ಇನ್ನೂ ಹಳದಿ, ಹಸಿ. ಎಡಗಣ್ಣಿಗೆ ಆಗಲೇ ಕಂದು, ಸೀಯಲಿಕ್ಕೆ ಬಂದಿವೆ. ಯಾವ ಕಣ್ಣನ್ನು ನಂಬುವುದು? ಇಷ್ಟು ವರ್ಷ ಹುರಿದದ್ದು ಯಾವ ಕಣ್ಣಿನ ಬಣ್ಣಕ್ಕೆ? ಪರಿಮಳ ಏರುತ್ತಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ಕಹಿ, ಈಗಲೇ ಇಳಿಸಿದರೆ ಹಸಿ. ಸಟ್ಟುಗ ಬಾಣಲೆಯ ಸುತ್ತ ತಿರುಗಿತು, ಮತ್ತೆ ತಿರುಗಿತು.

ವಂದನಾ ಬಾಗಿಲಲ್ಲಿ ನಿಂತಿದ್ದಳು. ನೋಡುತ್ತಿದ್ದಳು. ಗೋಡೆಯ ಬಣ್ಣಕ್ಕೆ ಬಾಯಿ ಹಾಕಿದವಳು ಬಾಣಲೆಯ ಬಣ್ಣಕ್ಕೆ ಅತ್ತೆ ಕರೆಯಲಿ ಅಂತ ಕಾದಳು.

“ವಂದನಾ” ಅಂದಳು ಸುಭದ್ರಮ್ಮ, ಬಾಣಲೆಯಿಂದ ತಲೆಯೆತ್ತದೆ. “ಬೇಗ ಬಾ ಇಲ್ಲಿ. ಇದು ಎಂಥ ಬಣ್ಣ, ನೋಡಿ ಹೇಳು.”